ಪಂಕ್ತಿಭೇದ ಮಾಡದ ಜವರಪ್ಪ

ಕಂಪ್ಯೂಟರಿನ ಮುಚ್ಚಳ ತೆಗೆಯುವ ಮೊದಲು ಜವರಪ್ಪನವರು ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದು ಬರುತ್ತಿದ್ದರು. ಒದ್ದೆ ಕೈಯಲ್ಲಿ ಮುಟ್ಟಬೇಡಿ ಎಂದು ನಾನು ಚೀರಿದರೆ ಪಂಚೆಯ ತುದಿಗೆ ಒರೆಸಿಕೊಂಡು ನಗುತ್ತಿದ್ದರು. ಹೊಳೆನರಸೀಪುರದ ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟು ಕಂಪ್ಯೂಟರ್ ಸೆಂಟರ್ ಆದಾಗ, ಅಲ್ಲಿಯವರೆಗೆ ಟೈಪ್‌ರೈಟರುಗಳಿಗೆ ಎಣ್ಣೆ ಬಿಡುತ್ತಿದ್ದ ಅವರಿಗೂ ಬಡ್ತಿ ಸಿಕ್ಕಿತು. ಯಾರೂ ಕೊಟ್ಟದ್ದಲ್ಲ, ಅವರೇ ತೆಗೆದುಕೊಂಡದ್ದು.

‘ಕೆಟ್ಟಿದೆ’ ಎಂಬ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. “ಮುನಿಸ್ಕಂಡೈತೆ ಕಣವ್ವ, ಅಷ್ಟೇಯ” ಎನ್ನುತ್ತ ಒಳಗಿನ ರ್‍ಯಾಮ್ ಎಂಬ ಮೆಮೊರಿ ಪಟ್ಟಿ ಕಿತ್ತು, ಅದರ ಹಳದಿ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುತ್ತಿದ್ದರು. ಹತ್ತರಲ್ಲಿ ಎಂಟು ಸಲ ಸರಿಹೋಗುತ್ತಿತ್ತು. ಉಳಿದೆರಡು ಸಲ ತಪ್ಪು ನಮ್ಮೂರಿನ ಕರೆಂಟಿನದಾಗಿರುತ್ತಿತ್ತು.

ಒಂದು ವರ್ಷ ಎದುರಿಗೇ ಇನ್ನೊಂದು ಸೆಂಟರ್ ಶುರುವಾಯಿತು. ಹೊಸ ಮೆಷಿನ್ನು, ಬಣ್ಣದ ಬೋರ್ಡು. ನನ್ನ ವಿದ್ಯಾರ್ಥಿಗಳಲ್ಲಿ ಐವರು ಅಲ್ಲಿಗೆ ಇಣುಕಿ ಬಂದರು. ಇನ್ನು ನನ್ನ ಬಾಗಿಲು ಮುಚ್ಚುವುದೇ ಎಂದು ಹೆದರಿದೆ. ನನ್ನಲ್ಲಿದ್ದದ್ದು ನಾಲ್ಕು ಕಂಪ್ಯೂಟರ್, ಒಂದೊಂದರಲ್ಲೂ ಒಂದೊಂದು ನಿಧಾನದ ಪಟ್ಟಿ. ಹಾಸನದಿಂದ ಹೆಚ್ಚು ವೇಗದ ನಾಲ್ಕು ಪಟ್ಟಿ ತರಿಸಿದೆ. ಬಾಗಿಲಿಗೆ ಕಾಣುವ ಮುಂದಿನ ಎರಡಕ್ಕೆ ಹೊಸವನ್ನೆಲ್ಲ ಹಾಕಿ, ಅಲ್ಲಿಂದ ತೆಗೆದ ಹಳೆಯವನ್ನು ಹಿಂದಿನ ಎರಡಕ್ಕೆ ಸೇರಿಸಬೇಕೆಂದು ಜವರಪ್ಪನವರಿಗೆ ಎರಡೆರಡು ಸಲ ಹೇಳಿದೆ. ಹಿಂದೆ ಕೂರುತ್ತಿದ್ದವರು ಹಳ್ಳಿಗಳಿಂದ ಬಸ್ಸಿಗೆ ಬರುವ ಹುಡುಗಿಯರು, ಅರ್ಧ ಫೀಸಿನವರು. ಅವರು ಕಾಯುತ್ತಾರೆ ಬಿಡು ಎಂದುಕೊಂಡಿದ್ದೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಊಟ ಮುಗಿಸಿ ಬಂದು ನೋಡಿದರೆ, ನಾಲ್ಕಕ್ಕೂ ಒಂದು ಹಳೆಯದು, ಒಂದು ಹೊಸದು!

“ಏನ್ರೀ ಇದು?”

“ಕೈ ಬರನಿಲ್ಲ ಕಣವ್ವ. ಒಂದೇ ಪಂಕ್ತೀಲಿ ಕುಂತೋರ್ಗೆ ಒಬ್ರಿಗೆ ತುಪ್ಪ ಇಕ್ಕಿ, ಪಕ್ಕದೋರ್ಗೆ ಬರೀ ನೀರ್ಸಾರು ಬುಡಾಕಾಯ್ತದಾ?”

“ಜೊತೆಗೆ ಹಾಕಿದರೆ ಹೊಸದೂ ಹಳೆಯದರ ವೇಗಕ್ಕೇ ಓಡೋದು. ನನ್ನ ದುಡ್ಡು ನೀರಿಗೆ ಹಾಕಿದಿರಲ್ರೀ!”

“ಓಡ್ಲಿ ಬುಡಿ. ಮಕ್ಳ ಕೈ ಇಡ್ಕಂಡು ಓಗೋರು ದಾಪುಗಾಲು ಆಕ್ತಾರಾ?”

ಕೋಪದಿಂದಲೇ ಪಟ್ಟಿ ಬದಲಿಸಿ ಎಂದೆ. “ನಾಳಿಕ್ ಬತ್ತೀನಿ” ಎಂದು ಹೋದವರು ವಾರವಾದರೂ ಬರಲಿಲ್ಲ. ಅಷ್ಟರಲ್ಲಿ ಹಿಂದಿನ ಸಾಲಿನ ಕಂಪ್ಯೂಟರುಗಳು ನಡುನಡುವೆ ನಿಂತುಹೋಗುವುದನ್ನು ಬಿಟ್ಟಿದ್ದವು. ಯಾವುದೂ ಹಾರಲಿಲ್ಲ, ಯಾವುದೂ ಬೀಳಲಿಲ್ಲ. ಐವರಲ್ಲಿ ಮೂವರು ಎದುರು ಸೆಂಟರಿಗೆ ಹೋದರು. ಹಳ್ಳಿಯ ಹುಡುಗಿಯರು ಹೋಗಲಿಲ್ಲ, ತಮ್ಮೂರಿನ ಗೆಳತಿಯರನ್ನೂ ಕರೆತಂದರು, ಅವರೂ ಅರ್ಧ ಫೀಸಿನವರೇ. ಬಾಗಿಲು ಮುಚ್ಚುವುದು ತಪ್ಪಿತು, ಪಟ್ಟಿ ಬದಲಿಸುವ ಮಾತೂ ಅಲ್ಲಿಗೇ ನಿಂತಿತು. ಆದರೂ ಜವರಪ್ಪ ನನ್ನ ಮೆಷಿನ್ನು ಹಾಳುಮಾಡಿದರೆಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ಅವರಿಗೂ ಅದು ಗೊತ್ತಿತ್ತು. ಬಂದಾಗಲೆಲ್ಲ ಕಾಫಿ ಕುಡಿದೇ ಹೋಗುತ್ತಿದ್ದರು.

ಅವರು ತೀರಿಕೊಂಡ ಮೇಲೆ ಒಂದು ಮಾನಿಟರ್ ಕೈಕೊಟ್ಟಿತು. ಹಾಸನದಿಂದ ಇಂಜಿನಿಯರನ್ನು ಕರೆಸಿದೆ. ಶೂ ಹಾಕಿಕೊಂಡೇ ಬಂದ ಆತ ಅದರ ಜೊತೆಗೆ ಎಲ್ಲ ಕಂಪ್ಯೂಟರುಗಳ ಮುಚ್ಚಳಗಳನ್ನೂ ಬಿಚ್ಚಿ, ಒಳಗಿನ ಪಟ್ಟಿಗಳನ್ನು ನೋಡಿ ನಕ್ಕ.

“ಯಾರು ಮೇಡಂ ಇದನ್ನ ಹೀಗೆ ಬೆರೆಸಿರೋದು? ಸ್ವಲ್ಪವೂ ತಿಳಿವಳಿಕೆ ಇಲ್ಲವಲ್ಲ!”

ವರ್ಷಗಟ್ಟಲೆ ನಾನು ಆಡಿಕೊಂಡಿದ್ದ ಮಾತೇ ಅದು. ಬೇರೆಯವರ ಬಾಯಲ್ಲಿ ಕೇಳಿದಾಗ ಮೈ ಉರಿಯಿತು.

“ನಾನೇ ಹೇಳಿ ಹಾಕಿಸಿದ್ದು. ಮುಚ್ಚಳ ಹಾಕಪ್ಪ” ಎಂದೆ.