ಹೆಸರಕ್ಕನ ಸಾಲಿಗೆ ಮತ್ತೆ ಬಂದು ನಿಲ್ಲುವ ಫೈಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತುರ್ತು ಕರೆ ಕೇಂದ್ರದ ನೆಲಮಾಳಿಗೆಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ, ಅದೂ ಆಗಾಗ ಕಣ್ಣು ಹೊಡೆಯುತ್ತದೆ. ಅದರ ಕೆಳಗೆ ಕಂದು ಸ್ವೆಟರ್ ತೊಟ್ಟ ಹೆಂಗಸೊಬ್ಬರು ಕಪ್ಪು ಪರದೆಯೆದುರು ಕೂತಿದ್ದಾರೆ. ಒಂದು ಸಾಲು ಟೈಪ್ ಮಾಡಿ, ಎಂಟರ್ ಒತ್ತಿ, ಕೈಕಟ್ಟಿ ಹಿಂದಕ್ಕೆ ಒರಗುತ್ತಾರೆ. ಪರದೆಯ ಮೇಲೆ ಹೆಸರುಗಳು ಇರುವೆ ಸಾಲಿನಂತೆ ಏರತೊಡಗುತ್ತವೆ. ಅವನ್ನು ಅವರು ಮೆಲುದನಿಯಲ್ಲಿ ಬಾಯಿಬಿಟ್ಟು ಓದುತ್ತಾರೆ. ಕೇಳುವವರು ಆ ಕೋಣೆಯಲ್ಲಿ ಯಾರೂ ಇಲ್ಲ.

ಮೇಲಿನ ಮಹಡಿಗೆ ಬೆಂಕಿ, ಅಪಘಾತ, ಎದೆನೋವು ಎಂದು ಕರೆಗಳು ಬರುತ್ತಲೇ ಇರುತ್ತವೆ. ದಿನಕ್ಕೆ ಎರಡು ಸಾವಿರದ ಆಸುಪಾಸು. ಎಲ್ಲವೂ ಧ್ವನಿಮುದ್ರಣವಾಗುತ್ತವೆ, ಯಂತ್ರ ಪ್ರತಿಯೊಂದಕ್ಕೂ ತಲೆಬುಡವಿಲ್ಲದ ಸಂಖ್ಯೆಯೊಂದನ್ನು ಅಂಟಿಸಿ ಕೈತೊಳೆದುಕೊಳ್ಳುತ್ತದೆ. ಆ ಸಂಖ್ಯೆ ಕಿತ್ತು, ತಾರೀಕು, ಬಡಾವಣೆ, ಕಷ್ಟದ ಬಗೆ ಸೇರಿಸಿ ಫೈಲಿಗೆ ಹೆಸರಿಡುವುದು ಇವರ ಕೆಲಸ. ಕಚೇರಿಯವರಿಗೆಲ್ಲ ಇವರು ಹೆಸರಕ್ಕ. ನಿಜವಾದ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತದೆ.

ಹೆಸರಕ್ಕನ ಗಂಡ ಇದೇ ಕೇಂದ್ರದಲ್ಲಿ ಕರೆ ತೆಗೆದುಕೊಳ್ಳುತ್ತಿದ್ದವರು. ಎಂಟು ವರ್ಷಗಳ ಹಿಂದೆ ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟವರು ಬಸ್ಸಿನ ಸೀಟಿನಲ್ಲೇ ಉಸಿರು ನಿಲ್ಲಿಸಿದರು. ಊರಿನವರ ಜೀವಕ್ಕೆ ಓಗೊಟ್ಟವರಿಗೆ ತಮ್ಮ ಜೀವಕ್ಕೊಂದು ಕರೆ ಮಾಡಲು ಆಗಲಿಲ್ಲ. ಅನುಕಂಪದ ಆಧಾರದ ಮೇಲೆ ಹೆಂಡತಿಗೆ ಈ ನೆಲಮಾಳಿಗೆಯ ಕೆಲಸ ಸಿಕ್ಕಿತು. ಆಗ ಅವರಿಗೆ ಕಂಪ್ಯೂಟರಿನ ಗಂಧಗಾಳಿಯೂ ಇರಲಿಲ್ಲ. ಒಂದೊಂದೇ ಹೆಸರನ್ನು ಕೈಯಲ್ಲಿ ಟೈಪ್ ಮಾಡಿ ಮಣಿಕಟ್ಟು ಊದಿಸಿಕೊಂಡರು. ನಿವೃತ್ತಿಯ ಅಂಚಿನಲ್ಲಿದ್ದ ತಂತ್ರಜ್ಞರೊಬ್ಬರು ಕನಿಕರಪಟ್ಟು, ಕಂಪ್ಯೂಟರಿಗೆ ಅಪ್ಪಣೆ ಕೊಡುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆಯುವುದನ್ನು ಕಲಿಸಿದರು. ಅದರಿಂದ ಒಂದೇ ಏಟಿಗೆ ಸಾವಿರ ಫೈಲುಗಳ ಹೆಸರು ಬದಲಾಗುತ್ತದೆ. ತಪ್ಪಿದರೆ ಸಾವಿರವೂ ಒಂದೇ ಏಟಿಗೆ ಹಾಳಾಗುತ್ತವೆ.

"ಅದಕ್ಕೇ ಮೊದಲು ಸ್ಕ್ರಿಪ್ಟ್ ಹತ್ರ ಬರೀ ಬಾಯಲ್ಲಿ ಹೇಳಿಸ್ತೀನಿ," ಎನ್ನುತ್ತಾರೆ ಹೆಸರಕ್ಕ. "ಏನೇನು ಮಾಡ್ತೀಯಾ ತೋರಿಸು, ಆದ್ರೆ ಮಾಡ್ಬೇಡ ಅಂತ. ನಾನು ಪೂರ್ತಿ ಓದಿ ನೋಡಿದ್ಮೇಲೇ ಅದು ಫೈಲ್ ಮುಟ್ಟಬೇಕು. ಮನೇಲಿ ಮಗಳಿಗೂ ಹೀಗೇ ಮಾಡ್ತಿದ್ದೆ, ಅವಳು ಮಾತ್ರ ಕೇಳ್ತಿರಲಿಲ್ಲ!"

ಹಳೆಯ ಕರೆಗಳ ಲೆಕ್ಕ ಬೇರೆ. ಎಂಟು ವರ್ಷ ದಾಟಿದ ಫೈಲಿನ ಹೆಸರಿನ ಮುಂದೆ ಹೆಸರಕ್ಕನ ಸ್ಕ್ರಿಪ್ಟ್ 'ಮುಗಿದ' ಎಂಬ ಪದ ಸೇರಿಸುತ್ತದೆ. ತಿಂಗಳ ಕೊನೆಗೆ ಇನ್ನೊಂದು ಯಂತ್ರ ಬಂದು 'ಮುಗಿದ' ಎಂದಿರುವುದನ್ನೆಲ್ಲ ಅಳಿಸಿಹಾಕುತ್ತದೆ. ಗಂಡ ಮಾತಾಡಿದ ಕರೆಗಳೂ ಹೀಗೆಯೇ ವರ್ಷದಿಂದ ವರ್ಷಕ್ಕೆ ಹೋಗುತ್ತಿವೆ, ಹೆಂಡತಿಯ ಕೈಯಿಂದಲೇ. ಯಾವುದರಲ್ಲಿ ಅವರ ದನಿಯಿದೆ ಎಂದು ಹೆಸರು ನೋಡಿದರೆ ತಿಳಿಯುವುದಿಲ್ಲ, ಕಾರಣವಿಲ್ಲದೆ ಫೈಲು ತೆರೆದು ಕೇಳುವಂತೆಯೂ ಇಲ್ಲ. ಮನೆಯಲ್ಲಿ ಒಂದು ಫೋಟೋ ಬಿಟ್ಟರೆ ಅವರದೇನೂ ಉಳಿದಿಲ್ಲ. ಈ ತಿಂಗಳು ಅಳಿಸಬೇಕಾದದ್ದು ಅವರ ಕೊನೆಯ ತಿಂಗಳ ಕರೆಗಳನ್ನು. ಇದಾದ ಮೇಲೆ ಆ ದನಿ ಎಲ್ಲೂ ಇರುವುದಿಲ್ಲ.

"ಒಂದು ಕದ್ದು ಇಟ್ಕೋಬಹುದಿತ್ತಲ್ಲ ಅಂತ ತಂಗಿ ಕೇಳಿದ್ಲು. ಹೇಗೆ ಇಟ್ಕೊಳ್ಳೋದು? ಅದು ಯಾರದೋ ಸಂಕಟ. ನನ್ನ ನೆನಪಿಗೆ ಅಂತ ಮನೆಗೆ ಒಯ್ಯೋಕಾಗುತ್ತಾ?"

ತಿಂಗಳ ನಡುವೆ ಒಂದು ಬೆಳಗ್ಗೆ ಒಂದು ಫೈಲು ಅಡ್ಡ ಕೂತಿತು. ಅದರ ಹೆಸರಿನ ಮುಂದೆ ಒಂದಲ್ಲ, ಸಾಲು ಸಾಲಾಗಿ 'ಮುಗಿದ ಮುಗಿದ ಮುಗಿದ' ಎಂದಿತ್ತು. ಹೆಸರಕ್ಕ ಹೆದರಲಿಲ್ಲ, ನಕ್ಕರು. ಸ್ಕ್ರಿಪ್ಟ್ ಬರೆಯುವವರೆಲ್ಲ ಒಮ್ಮೆಯಾದರೂ ಮಾಡುವ ತಪ್ಪು ಇದು. ಊಟದ ಸಾಲಿನಲ್ಲಿ ತಟ್ಟೆ ತುಂಬಿಸಿಕೊಂಡವನು ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತ ಹಾಗೆ, ಹೊಸ ಹೆಸರು ಪಡೆದ ಫೈಲು ಮತ್ತೆ ಸಾಲಿಗೆ ಬಂದು ನಿಲ್ಲುತ್ತದೆ. ಸ್ಕ್ರಿಪ್ಟ್ ಅದನ್ನು ಹೊಸಬ ಎಂದುಕೊಂಡು ಮತ್ತೆ ಬಡಿಸುತ್ತದೆ. ಇದಕ್ಕೆ ಮದ್ದೂ ಇದೆ. ಸಾಲಿನಲ್ಲಿರುವವರನ್ನು ಮೊದಲೇ ಗುರುತು ಹಾಕಿಕೊಂಡು, ಅವರನ್ನಷ್ಟೇ ಕರೆಯಬೇಕು.

ಹೆಸರಕ್ಕ ಮದ್ದು ಮಾಡಿದರು. ಬಾಯಲ್ಲಿ ಹೇಳಿಸಿದಾಗ ಎಲ್ಲವೂ ಸರಿಯಿತ್ತು. ನಿಜಕ್ಕೂ ನಡೆಸಿದಾಗ ಉಳಿದ ಫೈಲುಗಳೆಲ್ಲ ತಣ್ಣಗೆ ಒಂದೊಂದು 'ಮುಗಿದ' ತೊಟ್ಟು ಕೂತವು. ಅದೊಂದು ಮಾತ್ರ ಮತ್ತೆ ಬಂದು ಸಾಲಿನಲ್ಲಿ ನಿಂತಿತ್ತು. ಹಳೆಯ ಹೆಸರಿಗೆ ತಂದು ಮರುದಿನ ನಡೆಸಿದರೂ ಅದೇ ಕಥೆ. ಬೇರೆ ಕಂಪ್ಯೂಟರಿಗೆ ಹಾಕಿದರೂ ಅದೇ. ಈ ಸಲ ಹೆಸರಕ್ಕನಿಗೆ ನಗು ಬರಲಿಲ್ಲ.

ಹೆಸರು ಕೆಟ್ಟ ಫೈಲನ್ನು ಕೇಳಿ ನೋಡಬೇಕು ಎಂಬುದು ಇಲ್ಲಿನ ನಿಯಮ. ಎಂಟು ವರ್ಷದಲ್ಲಿ ಮೊದಲ ಸಲ ಹೆಸರಕ್ಕ ಹೆಡ್‌ಫೋನ್ ಹಾಕಿಕೊಂಡರು.

ಆ ಕಡೆ ಯಾರೂ ಮಾತಾಡುವುದಿಲ್ಲ. ಬರೀ ಉಸಿರು. ಈ ಕಡೆಯಿಂದ ಒಬ್ಬ ಗಂಡಸಿನ ದನಿ, ಅವಸರವಿಲ್ಲದೆ: "ನಾನಿದ್ದೀನಿ. ಫೋನ್ ಇಡಬೇಡಿ." ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಮಾತು. ಹೆಸರಕ್ಕನಿಗೆ ಅದು ಯಾರೆಂದು ಯಾರೂ ಹೇಳಬೇಕಿರಲಿಲ್ಲ. ಕೊನೆಯವರೆಗೂ ಫೋನ್ ಇಟ್ಟ ಸದ್ದು ಎರಡೂ ಕಡೆಯಿಂದ ಬರುವುದಿಲ್ಲ. ಉಸಿರಾಟದ ನಡುವೆಯೇ ಫೈಲು ನಿಂತುಹೋಗುತ್ತದೆ.

"ಅಳು ಬಂತಾ ಅಂದ್ರೆ ಬರಲಿಲ್ಲ," ಎನ್ನುತ್ತಾರೆ. "ಯಾರಿಗೂ ಹೇಳಲಿಲ್ಲ, ಮನೇಲೂ. ಕೇಳಿದ್ದನ್ನ ಹೊರಗೆ ಹೇಳೋ ಹಾಗಿಲ್ಲ."

ಮನೆಯೆಂದರೆ ಎರಡು ಕೋಣೆ, ಕಿಟಕಿಯ ಬಳಿಯ ಮಂಚದಲ್ಲಿ ಅತ್ತೆ. ಗಂಡನ ತಾಯಿ. ಕೆಲವು ವರ್ಷಗಳಿಂದ ಅವರಿಗೆ ಇಂದು ನಿನ್ನೆಗಳ ಪರಿವೆ ತಪ್ಪಿದೆ. ಸೊಸೆ ಚಪ್ಪಲಿ ಬಿಡುವ ಸದ್ದಾದರೆ ಸಾಕು, "ಅವನು ಸಿಕ್ಕಿದ್ನಾ?" ಎಂದು ಕೇಳುತ್ತಾರೆ. ಅದೇ ಕಚೇರಿಗೆ ಹೋಗಿ ಬರುವ ಸೊಸೆಗೆ ಮಗ ಸಿಗದೆ ಇನ್ನೆಲ್ಲಿಗೆ ಹೋದಾನು! "ಇಲ್ಲ ಅತ್ತೆ," ಎನ್ನುತ್ತಲೇ ಹೆಸರಕ್ಕ ಇಷ್ಟು ವರ್ಷ ಕಳೆದಿದ್ದಾರೆ.

ಇಂದು ತಿಂಗಳ ಕೊನೆ. ಅಳಿಸುವ ಯಂತ್ರ ಬರುವ ಹೊತ್ತಿಗೆ ಮೇಲ್ವಿಚಾರಕ ಕೆಳಗಿಳಿದು ಬರುತ್ತಾನೆ. ಹೆಸರಕ್ಕನಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಬಾಯಿ ಜೋರು, ಮನಸ್ಸು ಮೆತ್ತಗೆ.

"ಏನಕ್ಕಾ, ಒಂದು ಫೈಲಿಗೆ ಇಷ್ಟು ಒದ್ದಾಟ? ಕೈಯಲ್ಲೇ ಟೈಪ್ ಮಾಡಿ ಬಿಸಾಕಿ."

"ಸ್ಕ್ರಿಪ್ಟ್ ಮಾಡಿದ್ರೆ ಕೆಲಸ ಮಾಡಿದ ಹಾಗೆ. ಕೈಯಲ್ಲಿ ಮಾಡಿದ್ರೆ ನಾನೇ ಮಾಡಿದ ಹಾಗೆ ಆಗುತ್ತಪ್ಪಾ," ಎನ್ನುತ್ತಾರೆ. ಆದರೂ ಕೆಲಸ ಕೆಲಸವೇ. ಒಂದೇ ಒಂದು 'ಮುಗಿದ' ಇರುವ ಹೆಸರನ್ನು ಟೈಪ್ ಮಾಡುತ್ತಾರೆ. ಬೆರಳು ಎಂಟರ್ ಮೇಲೆ ಹೋಗಿ ಕೂರುತ್ತದೆ, ಒತ್ತುವುದಿಲ್ಲ. ಟ್ಯೂಬ್‌ಲೈಟ್ ಒಮ್ಮೆ ಆರಿ ಹತ್ತಿಕೊಳ್ಳುತ್ತದೆ. ಹೆಸರಕ್ಕ ಹೆಡ್‌ಫೋನ್ ತೆಗೆದು ಮೇಲ್ವಿಚಾರಕನ ಕೈಗೆ ಕೊಡುತ್ತಾರೆ. "ಹೆಸರು ಕೆಟ್ಟಿದೆಯಲ್ಲ, ನೀನೂ ಕೇಳಬಹುದು."

ಅವನು ನಿಂತೇ ಕೇಳುತ್ತಾನೆ. ಸ್ವಲ್ಪ ಹೊತ್ತಿಗೆ ಕುರ್ಚಿ ಎಳೆದುಕೊಂಡು ಕೂರುತ್ತಾನೆ. ಹೆಡ್‌ಫೋನ್ ಇಳಿಸಿ ಹೆಸರಕ್ಕನ ಕೈಗೆ ವಾಪಸು ಕೊಡುತ್ತಾನೆ.

"ಫೋನ್ ಇಟ್ಟೇ ಇಲ್ವಲ್ಲಕ್ಕ," ಎನ್ನುತ್ತಾನೆ. "ಇಡದೇ ಇರೋ ಕರೆಗೆ ಮುಗಿದ ಅಂತ ಹಾಕೋ ಹಾಗಿಲ್ಲ, ಅದೂ ನಿಯಮವೇ. ಬಾಕಿ ಪಟ್ಟಿಗೆ ಹಾಕಿ, ಅಲ್ಲಿರೋದನ್ನ ಯಂತ್ರ ಅಳಿಸಲ್ಲ. ಇನ್ನೂ ಲೈನಲ್ಲಿದ್ದಾರೆ."

ಹೆಸರಕ್ಕ ಟೈಪ್ ಮಾಡಿದ್ದನ್ನು ಅಳಿಸಿ ಫೈಲನ್ನು ಬಾಕಿಗೆ ಸೇರಿಸುತ್ತಾರೆ. ಉಳಿದದ್ದೆಲ್ಲ ಹೋಗುತ್ತದೆ. "ಒಂದು ಸಲ ಮುಗಿದಿದ್ದು ಮುಗೀತು. ಅಷ್ಟು ಸಲ ಮುಗಿದ ಅನ್ನಿಸಿಕೊಂಡಿದ್ದು ಮುಗಿದಿಲ್ಲ ಅಂತಲೇ ಅರ್ಥ," ಎಂದು ನಗುತ್ತಾರೆ. ಬೇರೇನಾದರೂ ಆಸೆ ಇದೆಯೇ ಎಂದರೆ, ಆ ಟ್ಯೂಬ್‌ಲೈಟ್ ಬದಲಾಯಿಸಿದರೆ ಸಾಕು ಎನ್ನುತ್ತಾರೆ.

ಮನೆ ಮುಟ್ಟುವಾಗ ಬಿಸಿಲು ಮಂಚದವರೆಗೆ ಬಂದಿರುತ್ತದೆ. ಹೆಸರಕ್ಕ ಚಪ್ಪಲಿ ಬಿಡುತ್ತಾರೆ.

"ಅವನು ಸಿಕ್ಕಿದ್ನಾ?"

"ಲೈನಲ್ಲಿದ್ದಾರೆ ಅತ್ತೆ," ಎನ್ನುತ್ತಾರೆ ಹೆಸರಕ್ಕ, ಮೊದಲ ಸಲ.

ಅತ್ತೆ ಕಿಟಕಿಯಿಂದ ಮುಖ ತಿರುಗಿಸುತ್ತಾರೆ. ಕಣ್ಣು ತಿಳಿಯಾಗಿದೆ.

"ಹಾಗಾದ್ರೆ ಫೋನ್ ಇಡಬೇಡ," ಎನ್ನುತ್ತಾರೆ.