ಕವರಿನ ಮೇಲಿನ ಬರಿ ಭುಜ

ಫ್ರಾನ್ಸಿನ ಲಿಯೋನ್ ನಗರದಲ್ಲಿ ನನ್ನ ರೆಕಾರ್ಡ್ ಅಂಗಡಿಯಿರುವ ಕಟ್ಟಡದ ಬಾಗಿಲು ಕಾಯುವ ಮದಾಂ ಪೊನ್ಸಾರ್ ಹೌಹಾರದೆ ಒಂದು ದಿನವೂ ಕಳೆಯುವವರಲ್ಲ. ಮಾಂಸ ಮುಟ್ಟಬಾರದ ಶುಕ್ರವಾರದಂದು ಮೂರನೇ ಮಹಡಿಯವರು ಅದನ್ನೇ ಬೇಯಿಸಿದರೆ ಮೆಟ್ಟಿಲ ಬುಡದಲ್ಲೇ ಮೂಗರಳಿಸಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ಯಾರ ಮನೆಯಲ್ಲಾದರೂ ಹಾಲು ಉಕ್ಕಿದ ವಾಸನೆ ಬಂದರೆ ಎದೆ ಹಿಡಿದುಕೊಂಡು ಮೇಲಕ್ಕೆ ಓಡುತ್ತಾರೆ. ದಾನಿ ಕ್ಲೇರ್ ಎಂಬ ಹಾಡುಗಾರ್ತಿಯ ಹೊಸ ಆಲ್ಬಂ ನನ್ನ ಅಂಗಡಿಯ ಗಾಜಿನ ಕಿಟಕಿಗೆ ಬಂದಮೇಲಂತೂ ಕೇಳುವುದೇ ಬೇಡ. ಕವರಿನ ಮೇಲೆ ಆಕೆ ಬರಿ ಭುಜದಲ್ಲಿ ನಗುತ್ತಿದ್ದಾಳೆ. "ಥೂ! ಮೈಮೇಲೊಂದು ಬಟ್ಟೆಗೂ ಗತಿಯಿಲ್ವೇನ್ರೀ ಇವಳಿಗೆ? ಮಕ್ಕಳುಮರಿ ಓಡಾಡೋ ಬೀದಿ ಇದು!" ಎಂದು ಬೆಳಗಾದರೆ ಪೊರಕೆ ಹಿಡಿದು ಕಿಟಕಿಯೆದುರು ನಿಲ್ಲುತ್ತಾರೆ. ನಿಂತವರು ಹೋಗುವುದೇ ಇಲ್ಲ. ಗಿರಾಕಿ ಯಾರಾದರೂ ಹಾಡು ಹಾಕಿಸಿದರೆ ಎರಡೂ ಕಿವಿ ಮುಚ್ಚಿಕೊಂಡು, "ಮುಂದಿನ ಸಾಲು ಇನ್ನೂ ಅಸಹ್ಯ!" ಎಂದು ಮೊದಲೇ ಎಚ್ಚರಿಸುತ್ತಾರೆ. ಚಳಿ ಬಿದ್ದಮೇಲೆ ಬೈಗುಳದ ಧಾಟಿ ಬದಲಾಯಿತು: "ನೆಗಡಿಯಾಗಿ ಸಾಯ್ತಾಳೆ ನೋಡ್ತಿರಿ!" ಈ ಗೋಳು ತಾಳಲಾರದೆ ನಿನ್ನೆ ಆ ಕವರನ್ನು ಕಿಟಕಿಯಿಂದ ತೆಗೆದು ಅವರ ಕೈಗೇ ಕೊಟ್ಟೆ. "ತಗೊಳ್ಳಿ ತಾಯಿ, ಒಲೆಗೆ ಹಾಕಿ." ಅವರು ಕನ್ನಡಕ ಏರಿಸಿಕೊಂಡು, ಚಿತ್ರದ ಎಡ ಭುಜವನ್ನು ಹೆಬ್ಬೆರಳಿನಿಂದ ಸವರಿದರು. ಆಮೇಲೆ ಧೂಳು ಕೂತಿದೆಯೇನೋ ಎನ್ನುವಂತೆ ಅಂಗಿಯ ತೋಳಿನಿಂದ ಉಜ್ಜಿದರು. ಮುಖ ಬಿಳಿಚಿಕೊಂಡಿತು. "ಅಯ್ಯೋ ದೇವರೇ, ಅಳಿಸಿಬಿಟ್ಟಿದ್ದಾರಲ್ರೀ!" "ಏನನ್ನ?" "ಸುಟ್ಟ ಕಲೆ ಕಣ್ರೀ. ಅಂಬೆಗಾಲಿಡೋವಾಗ ನನ್ನ ಒಲೆ ಮೇಲಿದ್ದ ಹಾಲಿನ ಪಾತ್ರೆ ಎಳ್ಕೊಂಡಿದ್ಲು. ಹೆಸರು ಬದಲಾಯಿಸ್ಕೊಂಡ್ಳು, ಹೋಗ್ಲಿ. ನನ್ನ ಮನೇದು ಅಂತ ಅವಳ ಮೈಮೇಲೆ ಉಳಿದಿದ್ದು ಅದೊಂದೇ!"