ನೀರ್ ಉಂಡು

ಧರ್ಮಪಾಲರು ದುಬೈಗೆ ಬಂದು ಮೂವತ್ತೆಂಟು ವರ್ಷವಾಗಿತ್ತು. ಬಂದ ಎರಡೇ ವರ್ಷಕ್ಕೆ ಅಂಟಿಕೊಂಡ ‘ಬಂಡಲ್ ಧರ್ಮಣ್ಣ’ ಎಂಬ ಹೆಸರು ಕೂದಲು ಬೆಳ್ಳಗಾದರೂ ಬಿಟ್ಟಿರಲಿಲ್ಲ. ಅದಕ್ಕೆ ಕಾರಣ ಒಂದು ಡ್ರಮ್ಮು.

ಅವರ ಮೊದಲ ಕೆಲಸ ನೀರಿನ ಟ್ಯಾಂಕರಿನಲ್ಲಿ ಕ್ಲೀನರ್. ಅಬುಧಾಬಿ ರಸ್ತೆಯಲ್ಲಿ ಆಗ ಗಾಡಿ ಕೆಟ್ಟು ನಿಂತರೆ ಬಾಯಾರಿದವರಿಗೆ ದಿಕ್ಕಿರಲಿಲ್ಲ. ಅದನ್ನು ಕಂಡು ಅವರು ಘಂಟೂತ್ ಹತ್ತಿರ ರಸ್ತೆಯ ಬದಿಗೆ ಒಂದು ಖಾಲಿ ಡ್ರಮ್ಮು ಇಟ್ಟು, ಪ್ರತಿ ಟ್ರಿಪ್ಪಿನಲ್ಲೂ ತುಂಬಿಸತೊಡಗಿದರು. ಅದರ ಮೇಲೆ ಕೆಂಪು ಬಣ್ಣದಲ್ಲಿ ‘ನೀರ್ ಉಂಡು’ ಎಂದು ಬರೆದರು. ತುಳುವಿನಲ್ಲಿ ಅದಕ್ಕೆ ನೀರು ಇದೆ ಎಂದರ್ಥ. ಇಟ್ಟ ಲೋಟ ಮೂರು ಸಲ ಮಾಯವಾದ ಮೇಲೆ, ಅಡಿಗೆಗೆ ತಂದ ತೆಂಗಿನಕಾಯಿಯ ಗೆರಟೆಯನ್ನು ತಂತಿಯಲ್ಲಿ ಕಟ್ಟಿ ತೂಗುಹಾಕಿದರು. ವರ್ಷ ಕಳೆಯುವುದರೊಳಗೆ ರಸ್ತೆ ಅಗಲವಾಯಿತು, ಡ್ರಮ್ಮನ್ನು ಯಾರೋ ಎತ್ತಿ ಒಯ್ದರು. ನೋಡಿದವರು ಯಾರೂ ಉಳಿಯಲಿಲ್ಲ. ಧರ್ಮಪಾಲರು ಈ ಕತೆ ಹೇಳಿದಷ್ಟು ಸಲವೂ ರೂಮಿನವರು ನಕ್ಕರು. ಊರಿನಲ್ಲಿ ಹೆಂಡತಿ ಚಂದ್ರಮತಿಯೂ ನಗುತ್ತಿದ್ದಳು. ಸಣ್ಣವನಿದ್ದಾಗ ಬೆರಗಿನಿಂದ ಕೇಳುತ್ತಿದ್ದ ಮಗ ಸುಜಿತ್ ಕೂಡ ದೊಡ್ಡವನಾದ ಮೇಲೆ ಮಾತು ಬದಲಿಸುತ್ತಿದ್ದ.

೨೦೧೬ರ ಫೆಬ್ರವರಿ. ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಡಲು ಹತ್ತು ದಿನ ಬಾಕಿ. ಆ ಹೆಸರನ್ನು ಹೊತ್ತುಕೊಂಡೇ ಊರಿಗೆ ಹೋಗಬೇಕಲ್ಲ ಎಂಬುದೊಂದೇ ಅವರಿಗೆ ಉಳಿದಿದ್ದ ಕೊರಗು.

ಈಗ ಕಂಪನಿಯೊಂದರ ಡ್ರೈವರ್ ಆಗಿದ್ದ ಅವರು ಆ ಬೆಳಿಗ್ಗೆ ಅಲ್ ಬರ್ಷಾದಿಂದ ಅದೇ ಕಂಪನಿಯ ಎಂಜಿನಿಯರ್, ಊರಿನ ಕಡೆಯವರೇ ಆದ ಪ್ಯಾಟ್ರಿಶಿಯಾ ಅವರನ್ನು ಅಬುಧಾಬಿಗೆ ಕರೆದೊಯ್ಯಬೇಕಿತ್ತು. ಹಳೆಯ ಹೆದ್ದಾರಿಗಳ ಬಗ್ಗೆ ಅಲ್ಲೊಂದು ಸಮ್ಮೇಳನ. ಜೊತೆಗೆ ಪ್ಯಾಟ್ರಿಶಿಯಾರ ಕೈಕೆಳಗಿನ ಸುಮಿತ್, ಉಡುಪಿ ಕಡೆಯ ಹುಡುಗ. ಘಂಟೂತ್ ಬಂದಾಗ ಎಕ್ಸಿಲರೇಟರಿನ ಮೇಲಿದ್ದ ಧರ್ಮಪಾಲರ ಕಾಲು ಅಭ್ಯಾಸದಂತೆ ತುಸು ಸಡಿಲವಾಯಿತು. ಹಿಂದಿನ ಸೀಟಿನಲ್ಲಿದ್ದ ಸುಮಿತ್ ಅದಕ್ಕೇ ಕಾದಿದ್ದವನಂತೆ ಕೇಳಿದ, “ಎಂತ ಧರ್ಮಣ್ಣ, ಡ್ರಮ್ಮು ಬಂತಾ?”

“ಬಂತು, ನಿನ್ನ ಕಣ್ಣಿಗೆ ಕಾಣುದಿಲ್ಲ.”

“ಅಲ್ಲ ಮಾರಾಯ್ರೆ, ಈ ಮರುಭೂಮಿಯಲ್ಲಿ ತುಳು ಬೋರ್ಡು ಓದುವವರು ಯಾರು? ಒಂಟೆಗಳಾ? ಮತ್ತೆ ಆ ಗೆರಟೆ ಬೇರೆ!”

ಪ್ಯಾಟ್ರಿಶಿಯಾ ನಗು ತಡೆಯಲು ಕಿಟಕಿಯ ಕಡೆ ತಿರುಗಿದರು. ಧರ್ಮಪಾಲರಿಗೆ ಅದೂ ಕನ್ನಡಿಯಲ್ಲಿ ಕಂಡಿತು. ಅವರು ಗಾಡಿಯ ವೇಗ ಹೆಚ್ಚಿಸಿದರು.

ಅಬುಧಾಬಿಯ ಖಾಲಿದಿಯಾ ಬಡಾವಣೆಯ ಹೋಟೆಲಿನಲ್ಲಿ ಪ್ಯಾಟ್ರಿಶಿಯಾರ ನಕ್ಷೆಗಳ ಸುರುಳಿಯನ್ನು ಒಳಗೆ ಒಯ್ದು ಕೊಟ್ಟವರು, ಎಸಿಯ ತಂಪಿಗೆ ಸಭಾಂಗಣದ ಹಿಂಬದಿಯ ಗೋಡೆಗೊರಗಿ ನಿಂತರು. ವೇದಿಕೆಯ ಮೇಲೆ ಒಬ್ಬ ಮುದುಕ ಬಿಳಿಯ, ಒಂದು ಕಾಲದ ಸರ್ವೆಯರ್, ತಾನು ತೆಗೆದ ಹಳೆಯ ಫೋಟೊಗಳನ್ನು ತೋರಿಸುತ್ತಿದ್ದ. ಮರಳು, ಜೀಪು, ಮತ್ತೆ ಮರಳು. ಆಮೇಲೆ ಪರದೆಯ ತುಂಬ ಒಂದು ಡ್ರಮ್ಮು ಬಂತು.

ಧರ್ಮಪಾಲರು ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದರು.

ಈ ಬರಹ ಏನೆಂದು ನನಗೆ ಇವತ್ತಿಗೂ ತಿಳಿದಿಲ್ಲ, ಎಂದ ಸರ್ವೆಯರ್. ಒಬ್ಬರು ಇದು ತೆಲುಗು ಎಂದರಂತೆ, ಆದರೆ ಅರ್ಥ ಕೂಡಲಿಲ್ಲವಂತೆ. ಬೆಂಗಳೂರಿನ ಮಿತ್ರರೊಬ್ಬರು ಕನ್ನಡವೆಂದು ಓದಿ, ‘ನೀರನ್ನು ಊಟ ಮಾಡಿ’ ಎಂದೇನೋ ಹೇಳಿ ತಲೆ ಕೆರೆದುಕೊಂಡರಂತೆ. ಸಭೆ ನಕ್ಕಿತು. ಪಕ್ಕಕ್ಕೆ ತೂಗುತ್ತಿರುವ ಕಪ್ಪು ವಸ್ತುವೂ ಒಗಟು, ಗಂಟೆಯಿರಬಹುದೇ, ಎಂದು ಅವನು ಕೇಳಿದ.

ಮುಂದಿನ ಸಾಲಿನಿಂದ ಸುಮಿತ್ ಮೆಲ್ಲನೆ ಹಿಂದೆ ತಿರುಗಿದ. ಅವನ ಬಾಯಿ ತೆರೆದೇ ಇತ್ತು. ಪ್ಯಾಟ್ರಿಶಿಯಾ ಎದ್ದು ಬಂದು ಧರ್ಮಪಾಲರ ಕೈಗೆ ಮೈಕು ಕೊಟ್ಟರು. “ನೀವೇ ಹೇಳಿ ಧರ್ಮಣ್ಣ. ನಾನು ಇಂಗ್ಲಿಷಿನಲ್ಲಿ ಹೇಳ್ತೇನೆ.”

ಅವರು ಮೈಕನ್ನು ಬಾಯಿಗೆ ಹತ್ತಿರ ಹಿಡಿದರು. “ಅದು ಊಟ ಅಲ್ಲ,” ಎಂದರು. “ನೀರು ಉಂಟು ಅಂತ. ತುಳು. ನಮ್ಮವರು ಯಾರಾದ್ರೂ ಬಂದ್ರೆ ಓದ್ಲಿ, ಬೇರೆಯವರು ಡ್ರಮ್ಮು ನೋಡಿದ್ರೆ ಸಾಕು ಅಂತ ಬರ್ದದ್ದು. ಅದು ಗಂಟೆಯೂ ಅಲ್ಲ, ಗೆರಟೆ. ಕುಡಿಲಿಕ್ಕೆ.”

ಪ್ಯಾಟ್ರಿಶಿಯಾ ಅದನ್ನು ಹೇಳಿ ಮುಗಿಸುವುದರೊಳಗೆ ಸರ್ವೆಯರ್ ವೇದಿಕೆ ಇಳಿದಿದ್ದ. ಮುದುಕ ನಡೆದು ಬರಲು ಸ್ವಲ್ಪ ಹೊತ್ತು ಬೇಕಾಯಿತು. ಆ ಫೋಟೊ ತೆಗೆದ ದಿನ ನನ್ನ ಜೀಪು ಕೆಟ್ಟು ನಿಂತಿತ್ತು, ನಾನು ಈ ಡ್ರಮ್ಮಿನ ನೀರನ್ನೇ ಬೊಗಸೆಯಲ್ಲಿ ಕುಡಿದೆ, ಎಂದು ಹೇಳಿ ಅವನು ಧರ್ಮಪಾಲರ ಎರಡೂ ಕೈ ಹಿಡಿದುಕೊಂಡ.

ವಾಪಸು ಬರುವಾಗ ಸುಮಿತ್ ಮುಂದಿನ ಸೀಟು ಕೇಳಿ ಕುಳಿತ. ಘಂಟೂತ್ ಬರುವಾಗ ಕೇಳಿದ, “ಎಲ್ಲಿತ್ತು ಅದು, ಧರ್ಮಣ್ಣ?” ಅವರು ಕೈ ತೋರಿಸಿದರು. ಈ ಸಲ ಅವನು ನಿಜಕ್ಕೂ ನೋಡಿದ.

ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ ಧರ್ಮಪಾಲರು, ಸುಮಿತ್ ಪರದೆಯಿಂದ ತೆಗೆದುಕೊಟ್ಟಿದ್ದ ಡ್ರಮ್ಮಿನ ಫೋಟೊವನ್ನು ವಾಟ್ಸಾಪಿನಲ್ಲಿ ಊರಿಗೆ ಕಳಿಸಿದರು. ಐದು ನಿಮಿಷ ಕಳೆದು ಚಂದ್ರಮತಿಯ ಫೋನು ಬಂತು. ಮೊದಲು ಅವಳು ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

“ಅಕ್ಷರ ಮಾತ್ರ,” ಎಂದಳು ಕೊನೆಗೆ, “ನೀವು ನನಗೆ ಬರೀತಿದ್ದ ಕಾಗದದಲ್ಲಿ ಇದ್ದ ಹಾಗೆಯೇ. ಅಲ್ಲಿಯೂ ಸೊಟ್ಟ.”

ಧರ್ಮಪಾಲರು ಸ್ಟೇರಿಂಗಿಗೆ ಹಣೆಯೊರಗಿಸಿ ಮನಸಾರೆ ನಕ್ಕರು.